ನೀರು ಬೇಡದ ಕಾರು, ನೀರು ನಿಲ್ಲದ ಕಾರು

ಕಾರು ರಿಪೇರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಎಂದು ನನ್ನನ್ನು ಕೇಳಿದರೆ ಟಾರ್ಚು ಹಿಡಿಯುವುದು ಎನ್ನುತ್ತೇನೆ. ಪಾನಾ ಎಂಬ ಸ್ಪ್ಯಾನರು ತಿರುಗಿಸುವವರಿಗೇನು, ನಟ್ಟು ಬಿಚ್ಚಿದರೆ ಹೆಮ್ಮೆ, ಬಿಚ್ಚದಿದ್ದರೆ ನಟ್ಟಿನ ಮೇಲೆ ಸಿಟ್ಟು. ಟಾರ್ಚು ಹಿಡಿದವಳ ಪಾಡು ಹಾಗಲ್ಲ. ನಟ್ಟು ಬಿಚ್ಚದಿದ್ದರೆ ಬೆಳಕು ಸರಿಯಾಗಿ ಬಿದ್ದಿರಲಿಲ್ಲ ಎಂದರ್ಥ. ವಾಷರು ಕೈಜಾರಿ ಎಂಜಿನ್ನಿನ ಸಂದಿಗೆ ಬಿದ್ದರೆ ಆ ಹೊತ್ತಿಗೆ ನಾನು ಬೇರೆಲ್ಲೋ ನೋಡುತ್ತಿದ್ದೆ ಎಂದರ್ಥ. ನಮ್ಮ ಧಾರವಾಡದ ಕಡೆ ಟಾರ್ಚಿಗೂ ಬ್ಯಾಟರಿ ಎಂದೇ ಹೇಳುವುದರಿಂದ ಗೊಂದಲ ಇನ್ನಷ್ಟು. ಕಾರಿನ ಕೆಳಗಿನಿಂದ ‘ಬ್ಯಾಟರಿ ತಾ’ ಎಂಬ ಅಶರೀರವಾಣಿ ಬಂದಾಗ ಯಾವ ಬ್ಯಾಟರಿ ಎಂದು ಕೇಳಿದರೂ ಬೈಗುಳ, ಕೇಳದೆ ತಂದರೂ ಬೈಗುಳ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಮದುವೆಗೆ ಮೊದಲು ಒಂದು ವರ್ಷ ಕಾಲೇಜಿನಲ್ಲಿ ಪಾಠವನ್ನೂ ಹೇಳಿದ್ದೆ. ಆ ಬೆಳಕನ್ನು ಗಂಡನ ಮೊಣಕೈ ಸುತ್ತಿಸಿ ನಟ್ಟಿನ ಮೇಲೆ ಬೀಳಿಸುವ ವಿದ್ಯೆ ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನಾವು ಪುಣೆಯ ಕರ್ವೆ ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯವರು ಪಿಂಪರಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅಲ್ಲಿ ಹೊಸ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ತಜ್ಞರೊಬ್ಬರು ಊರಿಗೆ ಮರಳುವಾಗ ತಮ್ಮ ಕಾರನ್ನು ಇವರಿಗೆ ಮಾರಿದರು. ಇವರು ಮಾತ್ರ ಎಂದೂ ‘ಮಾರಿದರು’ ಎನ್ನಲಿಲ್ಲ. ‘ನನ್ನ ಕೈಯಾಗ ಕೊಟ್ಟು ಹೋದ್ರು’ ಎನ್ನುತ್ತಿದ್ದರು, ಧಾರೆ ಎರೆಸಿಕೊಂಡವರ ಹಾಗೆ.

ಆ ಕಾರಿನ ವಿಶೇಷವೆಂದರೆ ಅದರ ಎಂಜಿನ್ನು ಹಿಂದೆ ಇತ್ತು. ಮುಂದಿನ ಬಾನೆಟ್ಟು ಎತ್ತಿದರೆ ಕಾಣುತ್ತಿದ್ದುದು ನಮ್ಮ ಚೀಲ ಮತ್ತು ಊಟದ ಡಬ್ಬಿ. ರಸ್ತೆಯಲ್ಲಿ ಕಾರು ನಿಂತರೆ ಸಹಾಯಕ್ಕೆ ಬಂದವರು ಮೊದಲು ಅದನ್ನೇ ಎತ್ತುವರು, ಒಳಗೆ ಎಂಜಿನ್ನು ಇಲ್ಲದ್ದನ್ನು ಕಂಡು ನಮ್ಮ ಮುಖವನ್ನು ಕನಿಕರದಿಂದ ನೋಡುವರು. ಇನ್ನೊಂದು ವಿಶೇಷ, ಅದಕ್ಕೆ ನೀರು ಬೇಡ. ಒಂದು ಫ್ಯಾನು ಗಾಳಿ ಊದಿ ಎಂಜಿನ್ನನ್ನು ತಣ್ಣಗಿಡುತ್ತಿತ್ತು. ಆ ಫ್ಯಾನನ್ನು ತಿರುಗಿಸುವುದು ಒಂದೇ ಒಂದು ರಬ್ಬರಿನ ಬೆಲ್ಟು. ರೇಡಿಯೇಟರಿಗೆ ನೀರು ಹಾಕಲೇ ಎಂದು ಕೇಳಿ ಕೇಳಿ ಸೋತ ಪೆಟ್ರೋಲ್ ಪಂಪಿನವರು ಕೊನೆಗೆ ನಮಗೇ ಕುಡಿಯಲು ನೀರು ಕೊಡುತ್ತಿದ್ದರು.

ಅತ್ತೆಯವರಿಗಂತೂ ಈ ಕಾರು ಧರ್ಮಸಂಕಟ ತಂದಿಟ್ಟಿತು. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಿಡಿದು ಮುಂದೆ ನಿಂತರೆ ಮಗ ಎಂಜಿನ್ನು ಹಿಂದಿದೆ ಎಂದರು. ಹಿಂದೆ ಹೋದರೆ ಹೊಗೆ ಬಿಡುವ ಕೊಳವೆಗೆ ಆರತಿ ಎತ್ತಿದ ಹಾಗಾಗುತ್ತದೆ. ಬಹಳ ಹೊತ್ತು ಯೋಚಿಸಿ ಅವರು ಬಾಗಿಲಿಗೆ ಕುಂಕುಮವಿಟ್ಟು ಒಳಗೆ ಹೋದರು. ಎಲ್ಲಿ ಹೃದಯವೋ ತಿಳಿಯದವರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸುವುದು ಅವರ ಪದ್ಧತಿ.

ನಮ್ಮ ಕಂಪೌಂಡಿನಲ್ಲೇ ಹಿಂದಿನ ಮನೆಯಲ್ಲಿ ಭುಜಂಗ ಶೆಟ್ಟರಿದ್ದರು. ಕುಂದಾಪುರದ ಕಡೆಯವರು. ಗಲ್ಲಿಯ ಮೂಲೆಯಲ್ಲಿ ಅವರ ಹೋಟೆಲು. ಪಿಂಪರಿಯ ಕಾರ್ಖಾನೆಗಳಿಗೆ ಭಾನುವಾರದ ಬದಲು ಗುರುವಾರ ರಜೆ. ಶೆಟ್ಟರೂ ತಮ್ಮ ಹೋಟೆಲಿಗೆ ಗುರುವಾರವೇ ಬಿಡುವು ಕೊಟ್ಟಿದ್ದರು. ಅವರದು ದೇಶಿ ಕಾರು. ತರಕಾರಿ ಮೂಟೆ, ಹಿಟ್ಟಿನ ಡಬ್ಬ, ಹಬ್ಬಕ್ಕೆ ಊರಿಗೆ ಹೊರಟ ಅಡುಗೆಯವರು, ಎಲ್ಲರನ್ನೂ ಎಲ್ಲವನ್ನೂ ಹೊತ್ತು ಅದರ ಬೆನ್ನು ಬಾಗಿತ್ತು. ಅದನ್ನೂ ಶೆಟ್ಟರು ಮನೆಯಲ್ಲೇ ರಿಪೇರಿ ಮಾಡುತ್ತಿದ್ದರು. ಹೀಗಾಗಿ ಗುರುವಾರ ಬೆಳಗಾದರೆ ನಮ್ಮ ಅಂಗಳದಲ್ಲಿ ಎರಡು ಕಾರು, ಒಂದರ ಹಿಂಭಾಗ ತೆರೆದದ್ದು, ಇನ್ನೊಂದರ ಮುಂಭಾಗ ತೆರೆದದ್ದು. ಒಳಗೆ ಅತ್ತೆಯವರು ರಾಯರ ವಾರವೆಂದು ಒಪ್ಪೊತ್ತು. ಹೊರಗೆ ಇವರಿಬ್ಬರು ಊಟದ ನೆನಪೇ ಇಲ್ಲದೆ ಒಪ್ಪೊತ್ತು.

ಎರಡೂ ಕಾರಿಗೆ ಟಾರ್ಚು ಹಿಡಿದ ಅನುಭವದಿಂದ ಹೇಳುತ್ತೇನೆ, ವಿದೇಶಿ ಕಾರಿನ ಕಾಟವೇ ಬೇರೆ, ದೇಶಿ ಕಾರಿನ ಕಾಟವೇ ಬೇರೆ. ವಿದೇಶಿ ಕಾರು ಸುಲಭಕ್ಕೆ ಕೆಡುವುದಿಲ್ಲ. ಆದರೆ ಕೆಟ್ಟಿತೋ, ಅದರ ಸಾಮಾನು ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಯಲ್ಲಿಲ್ಲ, ಮುಂಬಯಿಯಲ್ಲಿಲ್ಲ, ಇಡೀ ದೇಶದಲ್ಲಿಲ್ಲ. ಬೆರಳಗಲದ ರಬ್ಬರಿನ ಬಳೆಯೊಂದಕ್ಕಾಗಿ ಇವರು ಜರ್ಮನಿಗೆ ಹೋಗುವವರ ದಾರಿ ಕಾಯುತ್ತಿದ್ದರು. ಯಾರ ಮಗನಿಗೋ ಅಲ್ಲಿ ಓದುವ ಅವಕಾಶ ಸಿಕ್ಕಿದೆ ಎಂದು ತಿಳಿದರೆ ಆ ಮನೆಗೆ ಮೊದಲು ಪೇಢೆ ಹಿಡಿದು ಹೋಗುವವರು ನಾವೇ. ದೇಶಿ ಕಾರು ಹಾಗಲ್ಲ, ವಾರಕ್ಕೊಂದು ಕಡೆ ಕೆಡುತ್ತಿತ್ತು. ಆದರೆ ಸಾಮಾನು ಮೂಲೆಯ ಸೈಕಲ್ ಅಂಗಡಿಯಲ್ಲೂ ಸಿಗುತ್ತಿತ್ತು. ಸಿಕ್ಕಿದ್ದು ಮಾತ್ರ ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದೇ ಪೆಟ್ಟಿಗೆಯ ಎರಡು ಸಾಮಾನು ಒಂದೇ ಅಳತೆಯವಲ್ಲ. ಶೆಟ್ಟರು ಅದನ್ನು ಉಜ್ಜುವರು, ಬಡಿಯುವರು, ಅಡಿಗೆ ರಟ್ಟು ಕತ್ತರಿಸಿ ಇಡುವರು. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಮೆತ್ತುವರು. ನೀರಿನ ಕೊಳವೆ ಸೀಳಿದರೆ ಸೈಕಲ್ ಟ್ಯೂಬು ಸುತ್ತುವರು. ಆ ಕಾರಿನೊಳಗೆ ಮೂಲದ್ದೆಂಬುದು ಏನಿತ್ತೋ ಶೆಟ್ಟರಿಗೂ ನೆನಪಿರಲಿಲ್ಲ.

ಪಾನಾಗಳದೂ ಒಂದು ಕಥೆ. ಶೆಟ್ಟರ ಕಾರು ಇಂಚಿನ ಲೆಕ್ಕದ್ದು, ನಮ್ಮದು ಮಿಲಿಮೀಟರಿನ ಲೆಕ್ಕದ್ದು. ಅರ್ಧ ಇಂಚಿನ ಪಾನಾ ಮತ್ತು ಹದಿಮೂರರ ಪಾನಾ ನೋಡಲು ಅವಳಿ ಮಕ್ಕಳ ಹಾಗೆ. ಒಂದರ ಬದಲು ಇನ್ನೊಂದನ್ನು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯಾಗುತ್ತದೆ. ಸನ್ನೆಗೋಲೊಂದಿದ್ದರೆ ಭೂಮಿಯನ್ನೇ ಎತ್ತಬಹುದೆಂದು ನಂಬಿದ್ದ ಗ್ರೀಕ್ ಪಂಡಿತನೂ ಅಂಥ ನಟ್ಟಿನ ಮುಂದೆ ಕೈಚೆಲ್ಲಿ ಕೂರುತ್ತಿದ್ದ.

ಇವರ ಹತ್ತಿರ ಕಾರಿನ ಜೊತೆಗೆ ಬಂದ ದಪ್ಪ ಪುಸ್ತಕವೊಂದಿತ್ತು, ಪೂರಾ ಜರ್ಮನ್ ಭಾಷೆಯದು. ಅದನ್ನು ಓದುವುದಕ್ಕೆಂದೇ ಇವರು ಸಂಜೆ ತರಗತಿಗೆ ಸೇರಿ ಜರ್ಮನ್ ಕಲಿತರು. ಜೊತೆಯ ಹುಡುಗ ಹುಡುಗಿಯರು ಕಾವ್ಯ ಓದಲು, ಪರದೇಶಕ್ಕೆ ಹೋಗಲು ಕಲಿಯುತ್ತಿದ್ದರು. ಇವರು ತರಗತಿಯಲ್ಲಿ ಎದ್ದು ನಿಂತು ನಿರರ್ಗಳವಾಗಿ ಹೇಳಿದ ಮೊದಲ ವಾಕ್ಯದ ಅರ್ಥ, ‘ಎಣ್ಣೆ ಬಸಿದ ಮೇಲೆ ತಿರುಪನ್ನು ಬಿಗಿ ಮಾಡಬೇಕು.’ ಆ ಪುಸ್ತಕದ ಮೇಲೆ ಇವರಿಗೆ ವೇದದಷ್ಟು ಶ್ರದ್ಧೆ. ಶೆಟ್ಟರ ಹತ್ತಿರ ಪುಸ್ತಕವಿರಲಿಲ್ಲ. ಅವರ ಕಾರಿನ ಮಟ್ಟಿಗೆ ಯಾವ ಪುಸ್ತಕವೂ ಆ ಹೊತ್ತಿಗೆ ನಿಜವಾಗಿ ಉಳಿದಿರಲಿಲ್ಲ.

ಯೋಚಿಸಿದರೆ ಶೆಟ್ಟರ ದೇಶಿ ಕಾರೂ ಒಂದು ಕಾಲಕ್ಕೆ ವಿದೇಶಿಯೇ. ಹೊರಗಿನ ನಕ್ಷೆ ಇಲ್ಲಿಗೆ ಬಂದು, ಇಲ್ಲಿನ ರಸ್ತೆಯ ಗುಂಡಿಗಳಲ್ಲಿ ಎದ್ದು ಬಿದ್ದು, ಇಲ್ಲಿಯದೇ ಆಗಿಬಿಟ್ಟಿತ್ತು. ಆ ಲೆಕ್ಕದಲ್ಲಿ ನಮ್ಮನ್ನೆಲ್ಲಿ ಸೇರಿಸುವುದು? ಧಾರವಾಡದ ನಾನು, ವಿಜಾಪುರದ ಇವರು, ಕುಂದಾಪುರದ ಶೆಟ್ಟರು, ಮೂವರೂ ಪುಣೆಯ ಗಲ್ಲಿಯಲ್ಲಿ ನಿಂತು ಮೂರು ಬಗೆಯ ಕನ್ನಡದಲ್ಲಿ ಮಾತಾಡುತ್ತ, ಹಾಲಿನವನು ಬಂದೊಡನೆ ಮರಾಠಿಗೆ ಹೊರಳುತ್ತಿದ್ದೆವು. ನಮ್ಮ ಅಳತೆಯ ಪಾನಾ ಯಾವುದೆಂದು ನಮಗೇ ಖಾತ್ರಿಯಿರಲಿಲ್ಲ.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಮರಾಠಿ ಪತ್ರಿಕೆಯಲ್ಲಿ ಬಾರಾಮತಿಯ ಕಾಲೇಜೊಂದಕ್ಕೆ ಭೌತಶಾಸ್ತ್ರದ ಉಪನ್ಯಾಸಕರು ಬೇಕಾಗಿದ್ದಾರೆ ಎಂಬ ಜಾಹೀರಾತು ಕಂಡೆ. ಪುಣೆಗೆ ಬಂದ ಮೇಲೆ ನಾನು ಎಷ್ಟೋ ಕಡೆ ಅರ್ಜಿ ಹಾಕಿದ್ದೆ. ಒಂದು ಕಡೆ ಅನುಭವ ಸಾಲದು, ಇನ್ನೊಂದು ಕಡೆ ಮರಾಠಿ ಸಾಲದು ಎಂದಿದ್ದರು. ಆಮೇಲೆ ಮಗಳು ಹುಟ್ಟಿದಳು, ವರ್ಷಗಳು ಹೋದವು, ಕೇಳುವುದನ್ನೇ ಬಿಟ್ಟಿದ್ದೆ. ಈಗ ವಯಸ್ಸಿನ ಮಿತಿ ದಾಟಲು ಕೆಲವೇ ತಿಂಗಳು ಉಳಿದಿತ್ತು. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವ ಮಾತೇ ಇಲ್ಲ. ಸುಮ್ಮನೆ ಹಾಕಿ ನೋಡಿದೆ. ಸಂದರ್ಶನಕ್ಕೆ ಕರೆ ಬಂತು, ಅದೂ ಗುರುವಾರ. ಬಾರಾಮತಿ ದೂರ, ಕೆಲಸ ಸಿಕ್ಕಿದರೆ ವಾರವಿಡೀ ಅಲ್ಲೇ ಇರಬೇಕು. ಮನೆ ಹೇಗೆ ಎಂದು ನಾನು ಅಳುಕುತ್ತಿದ್ದಾಗ ಅತ್ತೆಯವರು ಅಕ್ಕಿ ಆರಿಸುತ್ತ, ತಲೆಯೆತ್ತದೆ ಹೇಳಿದರು: “ಹೋಗಿ ಬಾ. ನೀ ಬರೂಕಿಂತ ಮದಲ ಈ ಮನ್ಯಾಗ ಯಾರೂ ಉಣತಿದ್ದಿಲ್ಲೇನು?”

ನಾನು ಎಸ್.ಟಿ. ಬಸ್ಸಿನಲ್ಲಿ ಹೋಗುವುದೆಂದು ನಿರ್ಧರಿಸಿದ್ದೆ. ಇವರು ಒಪ್ಪಲಿಲ್ಲ. ತಮ್ಮ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ವಾರವಿಡೀ ಸಂಜೆ ಕಾರಿನ ಹಿಂದೆ ಕುಳಿತರು. ಬೆಲ್ಟು ಹಳೆಯದಾಗಿದೆಯೆಂದು ನಾನಾ ಪೇಠೆಯ ಅಂಗಡಿಯವನು ಅದೇ ಅಳತೆಯದೆಂದು ಹೇಳಿ ಕೊಟ್ಟ ಇಲ್ಲಿಯದೇ ಬೆಲ್ಟೊಂದನ್ನೂ ತಂದಿಟ್ಟುಕೊಂಡರು. ಶೆಟ್ಟರು ಮೆಲ್ಲಗೆ ತಮ್ಮ ಕಾರಿನ ಮಾತೆತ್ತಿ ನೋಡಿದರು. ಇವರ ಮುಖ ಬಾಡಿತು. ಅದನ್ನು ಕಂಡ ಮೇಲೆ ನಾನು ಬಸ್ಸಿನ ಮಾತನ್ನೂ ಆಡಲಿಲ್ಲ, ಶೆಟ್ಟರ ಕಾರಿನ ಮಾತನ್ನೂ ಆಡಲಿಲ್ಲ. ಹತ್ತು ವರ್ಷ ಮನೆಯಲ್ಲಿ ಕೂತ ಹೆಂಡತಿಯನ್ನು ಕೆಲಸದ ಬಾಗಿಲಿಗೆ ತಾನೇ ತಲುಪಿಸಬೇಕೆಂದು ಗಂಡನಿಗೆ ಅನಿಸಿದರೆ, ಅದಕ್ಕೆ ಬೇಡವೆನ್ನುವುದು ಹೇಗೆ?

ಗುರುವಾರ ಬೆಳಿಗ್ಗೆ ನಾನು ಇಳಕಲ್ ಸೀರೆ ಉಟ್ಟು ಹೊರಬಂದಾಗ ಶೆಟ್ಟರೂ ತಮ್ಮ ಕಾರು ಹೊರಡಿಸಿ ನಿಂತಿದ್ದರು. ಬಾರಾಮತಿ ಕಡೆಯ ಬೆಲ್ಲ ಚೆನ್ನಾಗಿರುತ್ತದಂತೆ, ಹೋಟೆಲಿಗೆ ನೋಡಿ ಬರಬೇಕಂತೆ. ಅಲ್ಲಿಯ ತನಕ ಅವರು ಬೆಲ್ಲವನ್ನು ಯಾವತ್ತೂ ಮಂಡಿಯಿಂದಲೇ ತರಿಸುತ್ತಿದ್ದವರು. ಮುಂದೆ ನಮ್ಮ ಕಾರು, ಹಿಂದೆ ಶೆಟ್ಟರದು, ಹಡಪಸರ ದಾಟಿ ದಿವೆ ಘಾಟಿನ ಏರು ಹಿಡಿದೆವು.

ಘಾಟಿನ ನಡುವಿನಲ್ಲಿ ಇವರ ಮುಂದಿನ ಫಲಕದ ಕೆಂಪು ದೀಪ ಹೊತ್ತಿಕೊಂಡಿತು. ಇವರು ಕಾರನ್ನು ಬದಿಗೆ ನಿಲ್ಲಿಸಿ ಇಳಿದು ಹಿಂದೆ ಹೋದರು. ಬೆಲ್ಟು ಹರಿದು ಹಗ್ಗದ ತುಂಡಿನ ಹಾಗೆ ನೇತಾಡುತ್ತಿತ್ತು. ಫ್ಯಾನು ನಿಂತರೆ ಆ ಕಾರು ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಇವರು ನಾನಾ ಪೇಠೆಯ ಬೆಲ್ಟು ತೆಗೆದು ಹಾಕಿದರು. ಎಂಜಿನ್ನು ಚಾಲೂ ಮಾಡಿದ ಕೂಡಲೇ ಅದು ಪಟ್ಟೆಂದು ಹರಿದು ರಸ್ತೆಗೆ ಹಾರಿತು. ಅವಸರದಲ್ಲಿ ಮತ್ತೆ ಕೈಹಾಕಿದವರು ಕಾದ ತಗಡು ತಾಗಿ ಬೆರಳು ಸುಟ್ಟುಕೊಂಡರು.

ಶೆಟ್ಟರ ಕಾರಿನಲ್ಲಿ ಕೂತು ಮುಂದೆ ಹೋದರಾಯಿತೆಂದು ನಾನು ಹಿಂದೆ ನೋಡಿದೆ. ಕೆಳಗಿನ ತಿರುವಿನಲ್ಲಿ, ಬೇವಿನ ಮರವೊಂದರ ಹತ್ತಿರ, ಬಿಳಿಯ ಹಬೆ ಏಳುತ್ತಿತ್ತು. ಸೈಕಲ್ ಟ್ಯೂಬು ಸುತ್ತಿದ್ದ ನೀರಿನ ಕೊಳವೆ ಏರಿನಲ್ಲಿ ಸಿಡಿದು ಶೆಟ್ಟರ ಕಾರಿನ ನೀರೆಲ್ಲ ರಸ್ತೆಯಲ್ಲಿ ಹರಿದಿತ್ತು. ಶೆಟ್ಟರು ನಡೆದುಕೊಂಡು ಮೇಲೆ ಬಂದರು. ಬಸ್ಸುಗಳು ಬಂದವು, ಬಾಗಿಲಲ್ಲೂ ಜನ ನೇತಾಡುತ್ತಿದ್ದ ಆ ಬಸ್ಸುಗಳು ಏರಿನಲ್ಲಿ ನಿಲ್ಲಲಿಲ್ಲ. ಬಿಸಿಲು ಏರುತ್ತಿತ್ತು. ನಾನು ಸೆರಗನ್ನು ತಲೆಗೆ ಹೊದ್ದು ಕಲ್ಲಿನ ಮೇಲೆ ಕೂತೆ. ಅಳು ಬರಬಾರದೆಂದು ದಾಟಿಹೋಗುವ ಲಾರಿಗಳನ್ನು ಎಣಿಸತೊಡಗಿದೆ. ಇವರು ನನ್ನ ಕಡೆ ನೋಡದೆ ಬೆಟ್ಟವನ್ನು ನೋಡುತ್ತಿದ್ದರು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದ ಆ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದೂ ಆಗಲಿಲ್ಲ.

ಆಗ ನನಗೆ ಹೊಳೆಯಿತು. ನೀರು ಬೇಡದ ಕಾರಿಗೆ ಬೆಲ್ಟು ಇಲ್ಲ. ಬೆಲ್ಟು ಇರುವ ಕಾರಿಗೆ ನೀರು ನಿಲ್ಲುತ್ತಿಲ್ಲ. ಶೆಟ್ಟರ ಬೆಲ್ಟನ್ನು ಇದಕ್ಕೆ ಹಾಕಬಾರದೇಕೆ ಎಂದೆ. ಶೆಟ್ಟರು ಕೂಡಲೇ ಕೆಳಗೆ ಹೋಗಿ ತಮ್ಮ ಕಾರಿನದನ್ನು ಬಿಚ್ಚಿ ತಂದರು. ಹಿಡಿದು ನೋಡಿದರೆ ಒಂದು ಬೆರಳಿನಷ್ಟು ಉದ್ದ ಹೆಚ್ಚು, ಸಡಿಲವಾಗಿ ಜಾರುತ್ತದೆ.

ಈ ಕಾರಿನಲ್ಲಿ ಬೆಲ್ಟು ಕೂರುವ ಗಾಲಿ ಎರಡು ತಟ್ಟೆಗಳದ್ದು. ನಡುವೆ ತೆಳ್ಳಗಿನ ಕಬ್ಬಿಣದ ಬಳೆಗಳು. ಒಂದು ಬಳೆ ತೆಗೆದರೆ ತಟ್ಟೆಗಳು ಹತ್ತಿರವಾಗಿ ಬೆಲ್ಟು ಅಂಚಿನ ಕಡೆಗೆ ಏರುತ್ತದೆ, ಬಿಗಿಯಾಗುತ್ತದೆ. ಇವರು ಆಗಾಗ ಒಂದೋ ಎರಡೋ ಬಳೆ ತೆಗೆದು ಬೆಲ್ಟು ಬಿಗಿ ಮಾಡುವುದನ್ನು ನಾನು ಕಂಡಿದ್ದೆ. ಹಾಗಾದರೆ ನಡುವಿನ ಬಳೆಗಳನ್ನೆಲ್ಲ ತೆಗೆದರೆ ಈ ಉದ್ದದ ಬೆಲ್ಟೂ ಬಿಗಿಯಾಗಬೇಕಲ್ಲ. ನಾನು ಅದನ್ನು ಹೇಳಿದೆ. ಇವರು ತಲೆಯಾಡಿಸಿದರು.

“ಎಲ್ಲಾ ತಗೀಬಾರದು, ಸುಧಾ. ಪುಸ್ತಕದಾಗ ಹಂಗ ಇಲ್ಲ.”

“ಪುಸ್ತಕ ಬರದವರು ದಿವೆ ಘಾಟ ನೋಡಿಲ್ಲ ಬಿಡ್ರಿ,” ಎಂದೆ.

ಮದುವೆಯಾದ ಮೇಲೆ ಆ ಪುಸ್ತಕದ ಬಗ್ಗೆ ನಾನು ಎದುರಾಡಿದ್ದು ಅದೇ ಮೊದಲು. ಇವರು ಪಾನಾವನ್ನು ನನ್ನ ಕಡೆ ಚಾಚಿ ಹೇಳಿದರು: “ನನ್ನ ಬೆರಳು ಮಡಚಲಿಕ್ಕೆ ಬರೂದಿಲ್ಲ. ನೀನಽ ಮಾಡು.”

ಗಾಲಿ ತಿರುಗದಂತೆ ಶೆಟ್ಟರು ಅದರ ಕಚ್ಚಿಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿ ಹಿಡಿದರು. ನಾನು ನಟ್ಟಿಗೆ ಪಾನಾ ಹಾಕಿ ಎರಡು ಕೈಯಿಂದ ಎಳೆದೆ. ಮೊದಲು ಅಲ್ಲಾಡಲಿಲ್ಲ. ಕಾಲು ಊರಿ ಮೈಭಾರ ಬಿಟ್ಟಾಗ ‘ಕಟಕ್’ ಎಂದು ಬಿಟ್ಟುಕೊಟ್ಟಿತು. ಆ ಸಪ್ಪಳ ಕೇಳಿ ನನಗಾದ ಸುಖವನ್ನು ಹೇಳಿದರೆ ನೀವು ನಗುತ್ತೀರಿ. ಇದಕ್ಕಾಗಿಯೇ ಗಂಡಸರು ರಜೆಯ ದಿನ ಊಟ ಬಿಟ್ಟು ಕಾರಿನ ಕೆಳಗೆ ಮಲಗುತ್ತಾರೆಂದು ಆಗ ಗೊತ್ತಾಯಿತು. ಬಳೆಗಳನ್ನು ಒಂದೊಂದಾಗಿ ತೆಗೆದು ಹೊರಗಿನ ಪಕ್ಕಕ್ಕೆ ಹಾಕಿದೆ, ಬೆಲ್ಟು ಕೂರಿಸಿದೆ, ನಟ್ಟು ಬಿಗಿ ಮಾಡಿದೆ. ಇಷ್ಟು ಹೊತ್ತೂ ನಮ್ಮ ಮನೆಯವರು ನನ್ನ ಸೆರಗು ಎಂಜಿನ್ನಿಗೆ ಸಿಕ್ಕದಂತೆ ಅದನ್ನು ಮಡಚಿ, ಆರತಿ ತಟ್ಟೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ದಾಟಿಹೋದ ಲಾರಿಯವರು ಏನೆಂದುಕೊಂಡರೋ.

ಬೆಲ್ಟು ನಿಂತಿತು. ಫ್ಯಾನು ತಿರುಗಿತು. ಈಗ ಶೆಟ್ಟರ ಕಾರಿಗೆ ನೀರೂ ಇಲ್ಲ, ಬೆಲ್ಟೂ ಇಲ್ಲ. ಜೊತೆಗೆ ಬನ್ನಿ ಎಂದರೆ ಅವರು ಕಾರನ್ನು ಒಂಟಿಯಾಗಿ ಬಿಟ್ಟು ಬರಲು ಒಪ್ಪಲಿಲ್ಲ. ಬೇವಿನ ನೆರಳಿದೆ, ಡಬ್ಬಿಯಲ್ಲಿ ಇಡ್ಲಿ ಇದೆ, ಹೋಟೆಲು ಹಾಕಿದ ಮೇಲೆ ಹಗಲು ಹೊತ್ತು ಮಲಗಿದ್ದೇ ಇಲ್ಲ, ಹೋಗಿ ಬನ್ನಿ ಎಂದು ನಮ್ಮನ್ನು ಕಳಿಸಿದರು.

ಸಾಸವಡ, ಜೇಜುರಿ, ಮೋರಗಾಂವ, ಎಲ್ಲ ಊರುಗಳೂ ಕಾರಿನ ಸಪ್ಪಳ ಕೇಳುವುದರಲ್ಲೇ ಹಿಂದೆ ಹೋದವು. ಕಬ್ಬಿನ ಗದ್ದೆಗಳ ನಡುವಿನ ಬಾರಾಮತಿ ಮುಟ್ಟಿದಾಗ ಸಂದರ್ಶನ ಮುಗಿದು ಸಮಿತಿಯವರು ಊಟಕ್ಕೆ ಕೂತಿದ್ದರು. ಕಾಯಿರಿ ಎಂದರು. ನಳದ ನೀರಿನಲ್ಲಿ ಕೈ ಎಷ್ಟು ಉಜ್ಜಿದರೂ ಕರಿ ಹೋಗಲಿಲ್ಲ. ಹಾಗೇ ಒಳಗೆ ಹೋದೆ. ಸಮಿತಿಯಲ್ಲಿ ಪ್ರಿನ್ಸಿಪಾಲರಲ್ಲದೆ ಆಡಳಿತ ಮಂಡಳಿಯ ಹಿರಿಯರೊಬ್ಬರಿದ್ದರು, ಧೋತರ, ಟೋಪಿಯ ಕಬ್ಬಿನ ಬೆಳೆಗಾರರು. ಅವರು ನನ್ನ ಕೈ ನೋಡಿ ‘ಬಾಯಿ, ಇದೇನು’ ಎಂದು ಮರಾಠಿಯಲ್ಲಿ ಕೇಳಿದರು. ಮರಾಠಿಯಲ್ಲಿ ಬಾಯಿ ಎಂದರೆ ಅಮ್ಮಾ ಎಂದ ಹಾಗೆ. ಆದರೂ ಯಾರಾದರೂ ಹಾಗೆ ಕರೆದಾಗಲೆಲ್ಲ ನಮ್ಮ ಕನ್ನಡದ ಬಾಯಿ ನೆನಪಾಗಿ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವತ್ತು ಮುಚ್ಚಲಿಲ್ಲ. ಘಾಟಿನ ಕಥೆ ಹೇಳಿದೆ. ಬಳೆ ತೆಗೆದರೆ ಬೆಲ್ಟು ಯಾಕೆ ಬಿಗಿಯಾಗುತ್ತದೆ ಎಂದು ಅವರು ಕೇಳಿದರು. ಗೋಡೆಯ ಕರಿಹಲಗೆಯಲ್ಲಿ ಚಿತ್ರ ಬರೆದು ತೋರಿಸಿದೆ. ತಮ್ಮ ಬಾವಿಯ ಎಂಜಿನ್ನಿನ ಬೆಲ್ಟು ಜಾರುವುದೇಕೆಂದು ಕೇಳಿದರು. ಅದರ ಚಿತ್ರವನ್ನೂ ಬರೆದೆ. ಮರಾಠಿಯ ಲಿಂಗ ವಚನಗಳೆಲ್ಲ ಹೇಗೆ ಹೇಗೋ ಬಂದವು. ಯಾರೂ ತಿದ್ದಲಿಲ್ಲ.

ಹೊರಗೆ ಕೂರಿಸಿ, ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರು ಕರೆದು ಸಂಕೋಚದಿಂದಲೇ ವಿಷಯ ತಿಳಿಸಿದರು. ಉಪನ್ಯಾಸಕರ ಜಾಗಕ್ಕೆ ಬೆಳಿಗ್ಗೆಯೇ ಒಬ್ಬ ಯುವಕನನ್ನು ಆರಿಸಿಯಾಗಿತ್ತು. ಆದರೆ ಪ್ರಯೋಗಾಲಯಕ್ಕೆ ಡೆಮಾನ್‌ಸ್ಟ್ರೇಟರ್ ಬೇಕು, ಒಪ್ಪುವುದಾದರೆ ಜೂನ್‌ನಲ್ಲಿ ಬನ್ನಿ ಎಂದರು. ಒಂದು ಮೆಟ್ಟಿಲು ಕೆಳಗಿನ ಕೆಲಸ. ಹೊರಬಂದು ಇವರಿಗೆ ಹೇಳಿದೆ. ಇವರು ಕಾರಿನ ಹಿಂದೆ ಹೋಗಿ ಬೆಲ್ಟನ್ನು ಒತ್ತಿ ನೋಡಿದರು. ಬೆಲ್ಟು ಹರಿಯದಿದ್ದರೆ ಎಂದು ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ನನಗೆ ಕಾಣುತ್ತಿತ್ತು. ಬೆಲ್ಟು ಹರಿಯದಿದ್ದರೆ ನಾನು ಆ ಕೋಣೆಯಲ್ಲಿ ಅಷ್ಟು ಮಾತಾಡುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತಿತ್ತು. ಯಾವುದು ಸರಿಯೋ, ಲೆಕ್ಕ ಹಾಕಿ ನೋಡುವಂಥದ್ದಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಘಾಟಿಗೆ ಬಂದೆವು. ಶೆಟ್ಟರು ಮರದ ಕೆಳಗೆ ಟವೆಲು ಹಾಸಿ ಕೂತಿದ್ದರು. ಕುರಿ ಕಾಯುವ ಮುದುಕನೊಬ್ಬ ಅವರ ಎದುರು ಇಡ್ಲಿ ತಿನ್ನುತ್ತಿದ್ದ. ನಾನು ನಡೆದದ್ದನ್ನು ಹೇಳಿ, ಉಪನ್ಯಾಸಕಿ ಅಲ್ಲ, ಬರೀ ಡೆಮಾನ್‌ಸ್ಟ್ರೇಟರ್ ಎಂದೆ.

“ಅದೆಂತದು ಅಕ್ಕ, ಡೆಮಾನ್‌ಸ್ಟ್ರೇಟರ್ ಅಂದ್ರೆ?” ಎಂದು ಶೆಟ್ಟರು ಕೇಳಿದರು.

“ಪ್ರಯೋಗ ಮಾಡಿ ತೋರಸೂದು, ಅಷ್ಟ.”

“ಅದನ್ನು ನೀವು ಬೆಳಿಗ್ಗೆಯೇ ತೋರಿಸಿಯಾಯ್ತಲ್ಲ ಮಾರಾಯ್ರೆ. ಇನ್ನು ಸಂಬಳಕ್ಕೆ ತೋರಿಸಿ.”

ಇವರು ಜೋರಾಗಿ ನಕ್ಕರು. ಬೆಳಗಿನಿಂದ ಅವರು ನಕ್ಕದ್ದು ಅದೇ ಮೊದಲು. ನನಗೆ ನಗುವಿನ ಜೊತೆಗೆ ಬೆಳಿಗ್ಗೆ ತಡೆದಿಟ್ಟ ಅಳುವೂ ಬಂತು. ಶೆಟ್ಟರು ಏನೂ ಕಾಣದವರಂತೆ ಡಬ್ಬಿ ಮುಚ್ಚತೊಡಗಿದರು.

ಬೆಲ್ಟು ಒಂದೇ, ಕಾರು ಎರಡು. ಆದರೆ ಈಗ ದಾರಿ ಇಳಿಜಾರು. ಶೆಟ್ಟರು ತಮ್ಮ ಕಾರನ್ನು ಎಂಜಿನ್ನಿಲ್ಲದೆಯೇ ಬ್ರೇಕಿನ ಮೇಲೆ ಘಾಟಿಯಿಂದ ಇಳಿಸಿದರು. ಕೆಳಗೆ ಸಮತಟ್ಟು ಬಂದ ಮೇಲೆ ಹಗ್ಗ ಕಟ್ಟಿ ನಮ್ಮ ಕಾರು ಎಳೆಯಿತು. ಹಡಪಸರದ ಸಂತೆಯ ನಡುವೆ ಜರ್ಮನಿಯ ಕಾರು ದೇಶಿ ಕಾರನ್ನು ಎಳೆದುಕೊಂಡು ಹೋಗುತ್ತಿದ್ದರೆ ಜನ ನಿಂತು ನೋಡಿದರು. ಶೆಟ್ಟರು ಸ್ಟೀರಿಂಗು ಹಿಡಿದು, ಮೆರವಣಿಗೆಯ ಗಾಂಭೀರ್ಯದಲ್ಲಿ, ಪರಿಚಯದವರಿಗೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು.

ಜೂನ್‌ನಲ್ಲಿ ನಾನು ಬಾರಾಮತಿಗೆ ಹೋದೆ. ಮಗಳನ್ನು ಅತ್ತೆಯವರು ನೋಡಿಕೊಂಡರು, ಅಥವಾ ಅತ್ತೆಯವರನ್ನು ಮಗಳು. ಮರುವರ್ಷ ಆ ಯುವಕ ಬ್ಯಾಂಕಿನ ಕೆಲಸಕ್ಕೆ ಹೋದ. ಕಾಲೇಜಿನ ಒಳಗಿನವಳೆಂದು ವಯಸ್ಸಿನ ಮಿತಿ ಅಡ್ಡ ಬರಲಿಲ್ಲ, ಅವನ ಜಾಗ ನನಗೆ ಬಂತು. ಅಲ್ಲಿಯ ತನಕ ಮತ್ತು ಅದರ ನಂತರವೂ ಗುರುವಾರ ಮಧ್ಯಾಹ್ನ ಕಾಲೇಜಿನ ಮೈದಾನದ ಅಂಚಿನಲ್ಲಿ ಜರ್ಮನಿಯ ಕಾರು ಬಂದು ನಿಲ್ಲುತ್ತಿತ್ತು. ಬಹಳ ದಿನದಿಂದ ಘಾಟಿನಲ್ಲಿ ಕಾರಿನ ಪರೀಕ್ಷೆ ಮಾಡಬೇಕಿತ್ತು ಎಂದು ಇವರು ಪ್ರತಿ ವಾರವೂ ಹೇಳುತ್ತಿದ್ದರು. ಒಮ್ಮೊಮ್ಮೆ ಶೆಟ್ಟರೂ ಬರುತ್ತಿದ್ದರು, ಬೆಲ್ಲ ನೋಡಲು.

ಎಂಬತ್ತರ ದಶಕದ ನಡುವಿಗೆ ಕಾಲ ಬದಲಾಯಿತು. ಹೊರದೇಶದವರೊಡನೆ ಸೇರಿ ಇಲ್ಲೇ ಕಟ್ಟಿದ ಹೊಸ ಪುಟ್ಟ ಕಾರುಗಳು ರಸ್ತೆಗೆ ಬಂದವು. ಜರ್ಮನಿಯ ಕಾರನ್ನು ಪುಣೆಯ ಕ್ಯಾಂಪ್ ಬಡಾವಣೆಯ ಪಾರ್ಸಿ ಹಿರಿಯರೊಬ್ಬರು ಬಹಳ ಆಸೆಪಟ್ಟು ಕೊಂಡುಹೋದರು. ಇವರು ಹೊಸ ಕಾರು ತಂದರು. ಶೆಟ್ಟರೂ ತಂದರು, ಅದೇ ಕಾರು, ಬಣ್ಣ ಮಾತ್ರ ಬೇರೆ. ಅರ್ಧ ವಿದೇಶಿ, ಅರ್ಧ ದೇಶಿ. ಯಾರ ಕಾರು ಮೇಲು ಎಂಬ ಇಬ್ಬರ ಹಳೆಯ ವಾದವೂ ಅಲ್ಲಿಗೆ ಮುಗಿಯಿತು.

ಹೊಸ ಕಾರು ಬಂದ ಮೇಲಿನ ಮೊದಲ ದೀಪಾವಳಿ ರಜೆಗೆ ನಾನು ಮನೆಯಲ್ಲಿದ್ದೆ. ಗುರುವಾರ ಬೆಳಿಗ್ಗೆ ಇಬ್ಬರೂ ಅಂಗಳಕ್ಕೆ ಬಂದು ಒಂದು ಕಾರಿನ ಬಾನೆಟ್ಟು ಎತ್ತಿದರು. ಒಳಗೆ ಎಲ್ಲ ಮುಚ್ಚಿದ ಡಬ್ಬಿಗಳು, ಎಲ್ಲ ಸ್ವಚ್ಛ. ನೋಡಿದರು, ಇಳಿಸಿದರು. ಇನ್ನೊಂದರದನ್ನು ಎತ್ತಿದರು. ಅದರಲ್ಲೂ ಅದೇ. ಟೈರು ಒದ್ದು ನೋಡಿದರು. ಗಾಜು ಒರೆಸಿದರು. ಆಮೇಲೆ ಬಂದು ಕಟ್ಟೆಯ ಮೇಲೆ ಕೂತರು. ಕಾರಿನ ಸಪ್ಪಳವಿಲ್ಲದೆ ಇಬ್ಬರೂ ಹೀಗೆ ಎದುರುಬದುರು ಕೂತದ್ದನ್ನು ನಾನು ನೋಡಿದ್ದೇ ಇರಲಿಲ್ಲ. ಮಳೆಯ ಮಾತು ಆಯಿತು. ಹಾಲಿನ ಮಾತು ಆಯಿತು. ಶೆಟ್ಟರು ಇನ್ನು ಬರುತ್ತೇನೆ ಎಂದು ಏಳುವವರಿದ್ದರು.

ಇವರು ತಟ್ಟನೆ ಎದ್ದು ಒಳಗೆ ಬಂದರು. ಅಡುಗೆಮನೆಯ ಮಿಕ್ಸರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

“ಸುಧಾ, ಇದು ಇತ್ತೀಚಿಗೆ ಭಾಳ ಸಪ್ಪಳ ಮಾಡ್ಲಿಕತ್ತೇದ, ಅಲ್ಲಾ?”

ಒಂದು ಗಂಟೆಯ ಹಿಂದೆಯೇ ನಾನು ಅದರಲ್ಲಿ ಉದ್ದಿನಬೇಳೆ ಅರೆದಿದ್ದೆ. ಹಿಟ್ಟು ಬೆಣ್ಣೆಯ ಹಾಗೆ ಬಂದಿತ್ತು. ಕಿಟಕಿಯಾಚೆ ಶೆಟ್ಟರು ಚಪ್ಪಲಿ ಹುಡುಕುತ್ತಿದ್ದರು.

“ಹೌದ್ರಿ, ಸ್ವಲ್ಪ ಜಾಸ್ತಿನ ಆಗೇದ,” ಎಂದೆ. “ಶೆಟ್ಟರಿಗೂ ಒಮ್ಮೆ ತೋರಸ್ರಿ.”

ಅವರು ಮಿಕ್ಸರನ್ನು ಕೂಸಿನಂತೆ ಎತ್ತಿಕೊಂಡು ಹೊರಗೆ ಹೋದರು. ಪಾನಾಗಳ ಪೆಟ್ಟಿಗೆ ತೆರೆದ ಸಪ್ಪಳ ಕೇಳಿತು, ಅದರ ಹಿಂದೆಯೇ ಇಬ್ಬರದೂ ಒಟ್ಟಿಗೆ ಮಾತು. ನಾನು ಮೂಲೆಯಲ್ಲಿದ್ದ ಅತ್ತೆಯವರ ಒರಳುಕಲ್ಲನ್ನು ತೊಳೆದು ಮಧ್ಯಾಹ್ನದ ಚಟ್ನಿಗೆ ಕೂತೆ.